ಕಾವು ಅಲ್ಲಾಡದ ಕೊಡಲಿ

ಕೊಡಲಿ ಆರಿಸಲು ಕುರಿಗಾಹಿ ಪಾಲಯ್ಯ ಚಿತ್ರದುರ್ಗದ ಅಂಗಡಿಯಲ್ಲಿ ಅರ್ಧ ದಿನ ಕಳೆದ. ಮರದ ಕಾವಿನವನ್ನೆಲ್ಲ ಕೊಡವಿ ನೋಡಿ, ಹಿಡಿ ಅಲ್ಲಾಡುತ್ತದೆಂದು ಮೂಗು ಮುರಿದು ಪಕ್ಕಕ್ಕಿಟ್ಟ. ಕೊನೆಗೆ ಅಲಗಿನಿಂದ ಹಿಡಿಯ ತುದಿಯವರೆಗೆ ಒಂದೇ ಉಕ್ಕಿನ ತುಂಡಾಗಿದ್ದ, ಮೇಲೆ ರಬ್ಬರ್ ಸುತ್ತಿದ್ದ ಕೈಗೊಡಲಿ ಅವನಿಗೆ ಒಪ್ಪಿಗೆಯಾಯಿತು.

“ಸೊಪ್ಪೂ ಕಡಿಬೋದು, ಕರಡಿ ಬಂದ್ರೆ ಕೈಯಾಗೆ ಮುರಿಯೋ ಮಾತೇ ಇಲ್ಲ,” ಎಂದು ಹಟ್ಟಿಗೆಲ್ಲ ತೋರಿಸಿದ.

ಅವನ ಜೊತೆ ಕುರಿ ಕಾಯುವ ಅಕ್ಕ ಯಲ್ಲಕ್ಕ, “ಕರಡಿ ಕಂಡ್ರೆ ದೂರದಿಂದ್ಲೇ ಕೂಗ್ಬೇಕು ಕಣಪ್ಪ, ಕಡಿಯಾಕೆ ಹೋಗ್ಬಾರ್ದು,” ಎಂದಳು. ಹೊಸ ಕೊಡಲಿ ಹಿಡಿದವನಿಗೆ ಕಿವಿ ಎಲ್ಲಿರುತ್ತದೆ?

ಆ ವಾರವೇ ಒಂದು ಬೆಳಿಗ್ಗೆ ಜೋಗಿಮಟ್ಟಿಯ ತಪ್ಪಲಲ್ಲಿ ಮಂಜು ಕವಿದಿತ್ತು. ಪೊದೆಯ ಪಕ್ಕ ಕರ್ರಗೆ ಏನೋ ಕುಕ್ಕರಿಸಿಕೊಂಡು ಅಲುಗುತ್ತಿತ್ತು. ಪಾಲಯ್ಯ ಕೂಗಲಿಲ್ಲ. ಕಳ್ಳಹೆಜ್ಜೆ ಇಟ್ಟು ಹಿಂದಿನಿಂದ ಹೋಗಿ ಕೊಡಲಿ ಎತ್ತಿದ. ಅಷ್ಟರಲ್ಲಿ ಅದರ ಮಡಿಲಿನಿಂದ ಕುರಿಮರಿಯೊಂದು ಅರಚಿತು.

ತಲೆಯ ಮೇಲಿಂದ ಹೊದ್ದ ಕರಿಕಂಬಳಿಯ ಕೊಪ್ಪೆ ತಿರುಗಿತು. ಒಳಗೆ ಯಲ್ಲಕ್ಕನ ಮುಖ, ಕೈಯಲ್ಲಿ ಆಗಷ್ಟೇ ಹುಟ್ಟಿದ ಹಸಿ ಮರಿ. ಅವಳು ಕೊಡಲಿಯನ್ನು ನೋಡಿದಳು, ತಮ್ಮನನ್ನೂ ನೋಡಿದಳು.

“ಅದನ್ನ ಕೆಳಗಿಡು. ಮರಿ ಹಿಡ್ಕ.”

ಪಾಲಯ್ಯ ಕೊಡಲಿ ಕೆಳಗಿಟ್ಟು ಮರಿಯನ್ನು ಎತ್ತಿಕೊಂಡ. ಹುಟ್ಟಿದ ದಿನವೇ ಅಂಥದೇ ಕಂಬಳಿಯಲ್ಲಿ ಮಲಗಿದ್ದವನಿಗೆ ಅದರ ಗುರುತು ಸಿಕ್ಕಿರಲಿಲ್ಲ.

ಯಲ್ಲಕ್ಕ ಇದನ್ನು ಯಾರ ಮುಂದೆಯೂ ಆಡಲಿಲ್ಲ. ಮರುದಿನದಿಂದ ಕಂಬಳಿಯ ಮೇಲೆ ಕೆಂಪು ಟವೆಲ್ ಕಟ್ಟಿಕೊಂಡು ಬರತೊಡಗಿದಳು. ಯಾಕೆಂದು ಕೇಳಲು ಪಾಲಯ್ಯನಿಗೆ ಮುಖವಿರಲಿಲ್ಲ.