ತೊಂಬತ್ತನೆಯ ಗುಂಡುಸೂಜಿ

ಬೆಳಗಿನ ಆರೂವರೆ. ಇಂಗ್ಲೆಂಡಿನ ಸಾಮರ್‌ಸೆಟ್ ಬಯಲಿನ ಮಂಜು ಇನ್ನೂ ಕರಗಿಲ್ಲ, ಇಡೀ ಶಾಲೆಗೆ ಒಂದೇ ಕಿಟಕಿಯಲ್ಲಿ ದೀಪ. ಪ್ರಯೋಗಾಲಯದ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಮಾರ್ಲೀನ್ ಚಿಜಿ ಕುರಿಯ ಹೃದಯವೊಂದನ್ನು ನಲ್ಲಿಗೆ ಹಿಡಿದು, ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಕಿರುಬೆರಳಿನಿಂದ ಎಳೆದು ತೆಗೆಯುತ್ತಿದ್ದಾರೆ. ಆಮೇಲೆ ಹೃದಯದ ಮೇಲಿನ ದೊಡ್ಡ ಕೊಳವೆಗೆ ನೀರು ಸುರಿಯುತ್ತಾರೆ. ತೆಳು ಪೊರೆಯ ಕವಾಟ ತಟ್ಟನೆ ಮುಚ್ಚಿಕೊಳ್ಳುತ್ತದೆ. ಕುರಿ ಸತ್ತದ್ದು ನಿನ್ನೆ. ಕವಾಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

“ಪ್ರತಿ ಸಲಾನೂ ಮೈ ಜುಂ ಅನ್ನತ್ತೆ. ಮೂವತ್ತೊಂದು ವರ್ಷ ಆಯ್ತು, ಇನ್ನೂ ರೂಢಿ ಆಗಿಲ್ಲ ನೋಡಿ,” ಎನ್ನುತ್ತಾರೆ.

ಮಾರ್ಲೀನ್ ಶಿಕ್ಷಕಿಯಲ್ಲ. ಶಿಕ್ಷಕಿ ಬರುವ ಹೊತ್ತಿಗೆ ತಟ್ಟೆ, ಚಾಕು, ಹೃದಯ ಎಲ್ಲವನ್ನೂ ಅಣಿಗೊಳಿಸಿ ಮರೆಗೆ ಸರಿಯುವವರು. ವರ್ಷದ ಕೊನೆಯ ಹೂಗುಚ್ಛ ಟೀಚರಿಗೆ, ರಕ್ತದ ತಟ್ಟೆ ಇವರಿಗೆ. ಹೃದಯಗಳನ್ನು ಕೊಡುವುದು ಮಾಂಸದಂಗಡಿಯ ಡೆನ್ಜಿಲ್ ವೆನ್. ಇಲ್ಲಿಯ ಮನೆಗಳಲ್ಲಿ ಹೃದಯದೊಳಗೆ ಬ್ರೆಡ್ಡು, ಈರುಳ್ಳಿ ತುಂಬಿ ಬೇಯಿಸುವುದರಿಂದ ಆತ ಮೊದಮೊದಲು ಮೇಲಿನ ಕೊಳವೆಗಳನ್ನೆಲ್ಲ ನೀಟಾಗಿ ಕತ್ತರಿಸಿ ಕಳಿಸುತ್ತಿದ್ದ. ಪಾಠಕ್ಕೆ ಅವೇ ಬೇಕೆಂದು ಮಾರ್ಲೀನ್ ಕಿವಿ ಹಿಂಡಿ ದಾರಿಗೆ ತಂದರು.

“ಈಯಮ್ಮ ಒಂದಿನ ನನ್ನ ಎದೇನೂ ತಿರುಗಿಸಿ ನೋಡ್ತಾಳೆ, ಕೊಳವೆ ಸರಿಯಾಗಿದ್ಯಾ ಅಂತ,” ಎಂದು ಡೆನ್ಜಿಲ್ ನಗುತ್ತಾನೆ.

ಮೂವತ್ತು ಮಕ್ಕಳಿಗೆ ಹದಿನೈದು ಹೃದಯ. ಒಂದೊಂದಕ್ಕೆ ಆರು ಗುಂಡುಸೂಜಿ, ತಲೆಗೆ ಪುಟ್ಟ ಚೀಟಿ, ಚೀಟಿಯಲ್ಲಿ ಆ ಭಾಗದ ಹೆಸರು. ಒಟ್ಟು ತೊಂಬತ್ತು. ಮಾರ್ಲೀನ್ ಅವರ ಕಟ್ಟಳೆ ಎರಡೇ: ಹೃದಯಕ್ಕೆ ಮನುಷ್ಯರ ಹೆಸರಿಡಕೂಡದು, ಸೂಜಿಗಳೆಲ್ಲ ಡಬ್ಬಿಗೆ ಮರಳುವವರೆಗೆ ಒಂದು ಹೃದಯವೂ ಕೋಣೆ ದಾಟಕೂಡದು.

ಇದಕ್ಕೆ ಕಾರಣ ಅವರ ಅಜ್ಜಿಯ ಮನೆ. ಮಾರ್ಲೀನ್‌ಗೆ ಆಗ ಒಂಬತ್ತು ವರ್ಷ. ಹೊಗೆಗೂಡು ರಿಪೇರಿ ಮಾಡುವಾಗ ಕಪ್ಪಗೆ ಒಣಗಿದ್ದೊಂದು ವಸ್ತು ಧೊಪ್ಪೆಂದು ಬಿತ್ತು. ಹೃದಯ. ಮೈತುಂಬ ತುಕ್ಕು ಹಿಡಿದ ಸೂಜಿಗಳು. ಹಿಂದಿನವರು ಕೇಡು ಬಗೆದವರ ಹೆಸರು ಹೇಳಿ ಹೀಗೆ ಚುಚ್ಚಿ ಹೊಗೆಗೆ ತೂಗುಹಾಕುತ್ತಿದ್ದರಂತೆ. ಅಜ್ಜಿ ಯಾರನ್ನೂ ಹತ್ತಿರ ಬಿಡದೆ ಒಂದೊಂದೇ ಸೂಜಿ ಕಿತ್ತರು. ಕೊನೆಯದು ಬರುವವರೆಗೆ ತುತ್ತು ಮುಟ್ಟಲಿಲ್ಲ.

ನಾಲ್ಕು ವರ್ಷದ ಹಿಂದೆ ಎಂಬತ್ತೊಂಬತ್ತೇ ಸೂಜಿ ಮರಳಿದವು. ಕಸದ ಲಾರಿಯವನು ಹಾರ್ನ್ ಒತ್ತುತ್ತಿದ್ದ. ಹೋಗಲಿ ಬಿಡು ಎಂದು ಮಾರ್ಲೀನ್ ಹೃದಯಗಳ ಚೀಲ ಕಟ್ಟಿ ಕಳಿಸಿದರು. ಅದೇ ವಾರದ ಗುರುವಾರ ಅವರ ತಂಗಿ ಲಾರ್ನಾ ಚಹಾ ಕುಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಮತ್ತೆ ಏಳಲಿಲ್ಲ.

“ರಕ್ತನಾಳ ಕಟ್ಟಿತ್ತು ಅಂದ್ರು ಡಾಕ್ಟ್ರು. ಸುಳ್ಳಲ್ಲ. ಹಾಗೆ ಕಟ್ಟಿದ ನಾಳದ ಚಿತ್ರಾನ ನಾನೇ ಇಲ್ಲಿ ಗೋಡೆಗೆ ಅಂಟಿಸಿದೀನಿ. ಆದ್ರೂ ಆ ಸೂಜಿ ಎಲ್ಲಿ ಹೋಯ್ತು?”

ಇವತ್ತು ಹತ್ತೂವರೆಗೆ ತರಗತಿ ಮುಗಿಯುತ್ತದೆ. ಮಾರ್ಲೀನ್ ಎಣಿಸುತ್ತಾರೆ. ಎಂಬತ್ತೊಂಬತ್ತು. ಮತ್ತೆ ಎಣಿಸುತ್ತಾರೆ. ಅಷ್ಟೇ. ಗೇಟಿನಲ್ಲಿ ಲಾರಿ ಗುರುಗುಟ್ಟುತ್ತಿದೆ.

“ಅಂಗಡೀಲಿ ಡಬ್ಬಿಗಟ್ಲೆ ಸಿಗತ್ತೆ ಬಿಡಿ ಮಾರ್ಲೀನ್!” ಎನ್ನುತ್ತಾರೆ ಶಿಕ್ಷಕಿ ಇಮೋಜನ್ ಹೇಲ್.

ಮಾರ್ಲೀನ್ ಹೊರಗೆ ಹೋಗಿ, ಇಂಜಿನ್ ಆರಿಸು ಎಂದು ಡ್ರೈವರನಿಗೆ ಹೇಳಿ ಬರುತ್ತಾರೆ. ಚೀಲ ಬಿಚ್ಚಿ, ಸೀಳಿದ ಹೃದಯಗಳನ್ನು ಸಾಲಾಗಿ ಹರವುತ್ತಾರೆ. ಎಂಟನೆಯದಕ್ಕೆ ಬಂದಾಗ ಬಾಗಿಲಲ್ಲಿ ಹದಿನಾಲ್ಕರ ಹುಡುಗಿ ಟ್ಯಾಮ್ಸಿನ್. ಮುಖ ಬಿಳಿಚಿದೆ.

“ಮಿಸ್, ನಾನು ಚೀಟಿ ಕಿತ್ತು ಸೂಜೀನ ಪೂರ್ತಿ ಒಳಗೆ ತಳ್ಬಿಟ್ಟೆ. ಕೆರೆನ್ ಹೆಸರು ಹೇಳ್ದೆ. ತಮಾಷೆಗೆ.”

“ತಮಾಷೆಗಾ?”

“ಇಲ್ಲ ಮಿಸ್. ಸಿಟ್ಟಿಗೆ.”

ಕೆರೆನ್ ಅವಳ ಜೀವದ ಗೆಳತಿ. ನಿನ್ನೆ ಜಗಳವಾಗಿದೆ, ಇವತ್ತು ಶಾಲೆಗೆ ಬಂದಿಲ್ಲ. ಮಾರ್ಲೀನ್ ಗದರುವುದಿಲ್ಲ. “ಯಾವ್ದು ತೋರ್ಸು ಮಗಳೇ,” ಎನ್ನುತ್ತಾರೆ. ಟ್ಯಾಮ್ಸಿನ್ ಕೊನೆಯದನ್ನು ತೋರಿಸುತ್ತಾಳೆ. ಎರಡು ಕೋಣೆಗಳ ನಡುವಿನ ದಪ್ಪ ಗೋಡೆಯಲ್ಲಿ ಸೂಜಿಯ ತಲೆ ಅಕ್ಕಿಕಾಳಿನಂತೆ ಬೆರಳಿಗೆ ತಾಗುತ್ತದೆ. ಮಾರ್ಲೀನ್ ಅದನ್ನು ಮೆಲ್ಲಗೆ, ಯಾರಿಗೋ ನೋವಾದೀತು ಎಂಬಂತೆ ಎಳೆಯುತ್ತಾರೆ. ತೊಂಬತ್ತು.

“ಈಗ ಅವಳಿಗೆ ಫೋನ್ ಮಾಡು.”

ಫೋನಿನಲ್ಲಿ ಕೆರೆನ್‌ಳ ನಿದ್ದೆಗಣ್ಣಿನ ದನಿ ಎಲ್ಲರಿಗೂ ಕೇಳಿಸುತ್ತದೆ: “ಬೆಳಿಗ್ಗೆಯಿಂದ ಎದೇಲಿ ಚುಚ್ತಾ ಇತ್ತು ಕಣೇ. ಈಗ ತಾನೇ ಬಿಡ್ತು. ಕೆಮ್ಮಿಗಿರ್ಬೇಕು. ಯಾಕೆ ಅಳ್ತಿದೀಯಾ?”

ಕೆರೆನ್‌ಗೆ ಎರಡು ದಿನದಿಂದ ಕೆಮ್ಮು. ಅದು ತರಗತಿಗೆಲ್ಲ ಗೊತ್ತು. ಆದರೂ ಇಮೋಜನ್ ಹೇಲ್ ಡಬ್ಬಿಯನ್ನು ಎಳೆದುಕೊಂಡು ತಾವೇ ಒಂದರಿಂದ ಎಣಿಸತೊಡಗುತ್ತಾರೆ.

ಜುಲೈಗೆ ಮಾರ್ಲೀನ್ ನಿವೃತ್ತಿ. “ನನ್ ಜಾಗಕ್ಕೆ ಬರೋರು ಇದನ್ನೆಲ್ಲ ನಂಬಬೇಕಿಲ್ಲ. ಎಣಿಸಿದ್ರೆ ಸಾಕು,” ಎನ್ನುತ್ತ ಕೈ ಒರೆಸಿಕೊಳ್ಳುತ್ತಾರೆ. ಹೊರಗೆ ಲಾರಿ ಹೊರಡುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಲ್ಲೇ ನಿಂತಿರುತ್ತಾರೆ.

“ಅವತ್ತು ನಾನು ಲಾರಿ ನಿಲ್ಲಿಸ್ಲಿಲ್ಲ. ಇವತ್ತು ನಿಲ್ಲಿಸ್ದೆ.”