ಬೆಲ್ಟಿಗೆ ಸಿಕ್ಕ ಸೀರೆ

ಕೂಸೇ, ಮಾಣಿ, ಇದು ನನ್ನ ಮೊಮ್ಮಕ್ಕಳಾದ ನಿಮ್ಮಿಬ್ಬರಿಗೆ. ಬಾಯಲ್ಲಿ ಹೇಳುವುದಕ್ಕೆ ನನಗೆ ಮೊದಲಿನಿಂದಲೂ ಸಂಕೋಚ. ಜನ ಸೇರಿದ ಕಡೆ ನಾನು ಬಾಗಿಲ ಹಿಂದೆ ನಿಲ್ಲುವವಳು. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಹಾಗಾಗಿ ಬರೆಯುತ್ತೇನೆ.

ಮಾಣಿ, ನಿನ್ನ ಅಪ್ಪನ ಹುಬ್ಬಿನ ಮೇಲೆ ಸೀಳಿದ ಗುರುತು ಇದೆಯಲ್ಲ, ಅದು ಬಾಗಿಲು ತಾಗಿ ಆದದ್ದಲ್ಲ. ಕೂಸೇ, ನಿನ್ನ ಅಮ್ಮ ಸ್ಪ್ಯಾನರ್ ಎಸೆದು ಆದದ್ದು. ನನ್ನ ಎಡ ಅಂಗೈಯ ಚರ್ಮ ಸುಕ್ಕುಗಟ್ಟಿರುವುದೂ ಬಿಸಿ ಎಣ್ಣೆಯಿಂದಲ್ಲ. ಎರಡೂ ಒಂದೇ ದಿನದ ಗಾಯ. ಅಂದು ನಮ್ಮಲ್ಲಿ ಹೊಡೆದಾಟ ಆದದ್ದು ಆಸ್ತಿಗಲ್ಲ. ವೆಬ್‌ಸೈಟಿನಲ್ಲಿ ಏನು ಬರೆಯಬೇಕು ಎಂಬುದಕ್ಕೆ.

ನರಸಿಂಹರಾಜಪುರದ ಹೊರಗೆ ರಸ್ತೆ ಬದಿಯಲ್ಲಿರುವ ನಮ್ಮ ಶೆಡ್ಡನ್ನು ನೀವು ಬಲ್ಲಿರಿ. ಅಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡಿ ಮಾರುತ್ತೇವೆ. ಮೊದಲ ಯಂತ್ರವನ್ನು ಕಟ್ಟಿದವರು ನಿಮ್ಮ ಅಜ್ಜ. ಅವರನ್ನು ಕೊಂದದ್ದೂ ಅವರು ಕಟ್ಟಿದ ಯಂತ್ರವೇ.

ಬೆಲ್ಟಿನ ಮೇಲೆ ತಗಡಿನ ಕವರ್ ಇರುತ್ತದೆ. ಸಿಪ್ಪೆ ಸಿಕ್ಕಿಕೊಂಡರೆ ತೆಗೆಯಲು ಅಡ್ಡ ಎಂದು ಅದನ್ನು ಕಳಚಿಟ್ಟು, ಓಡುತ್ತಿದ್ದ ಯಂತ್ರದ ಮೇಲೆ ಬಗ್ಗಿದ್ದರು. ಕುತ್ತಿಗೆಯಲ್ಲಿ ಟವೆಲ್ ಇತ್ತು. ನಾನು ಕಾಫಿ ಹಿಡಿದು ಶೆಡ್ಡಿನ ಬಾಗಿಲಲ್ಲಿದ್ದೆ. ಟವೆಲಿನ ತುದಿ ಬೆಲ್ಟಿಗೆ ತಾಗಿದ್ದು ಕಂಡಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ ಕಬ್ಬಿಣಕ್ಕೆ ಬಡಿದಾಗಿತ್ತು. ಮೋಟರ್ ನಿಲ್ಲಲಿಲ್ಲ, ಎಳೆಯುತ್ತಲೇ ಇತ್ತು. ಸ್ವಿಚ್ ಹುಡುಕಲು ತೋಚದೆ ವಯರನ್ನೇ ಗೋಡೆಯಿಂದ ಕಿತ್ತೆ. ಓಡಿಬಂದ ಮಗಳು ಟವೆಲನ್ನು ಕತ್ತಿಯಲ್ಲಿ ಕೊಯ್ದು ಬಿಡಿಸಿದಾಗ ಅವರ ತಲೆ ನನ್ನ ತೋಳಿನ ಮೇಲೆ ಎಲ್ಲಿಗೆ ಬೇಕಾದರೂ ವಾಲುತ್ತಿತ್ತು.

ಮಗ ಆ ಹೊತ್ತು ಕೊಪ್ಪದಲ್ಲಿ ಯಂತ್ರ ಇಳಿಸುತ್ತಿದ್ದ. ಅವನು ಬರುವಾಗ ಅಪ್ಪನನ್ನು ಕುತ್ತಿಗೆಯವರೆಗೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಖಕ್ಕೂ ಮುಸುಕು ಹಾಕಿ ಮಲಗಿಸಿದ್ದರು. ಮಗಳೂ ನಾನೂ ಕಂಡದ್ದನ್ನು ಅವನು ಕಾಣಲಿಲ್ಲ. ಆಮೇಲೆ ಹೊರ ಊರಿನ ಗಿರಾಕಿಗಳು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: ಎದೆನೋವು. ಊರಿನವರಿಗೆ ಗೊತ್ತಿತ್ತು, ಎದುರಿಗೆ ಯಾರೂ ಆಡಲಿಲ್ಲ.

ಕೆಲವು ವರ್ಷಗಳ ಮೇಲೆ ವೆಬ್‌ಸೈಟ್ ಮಾಡುವ ಮಾತು ಬಂತು. ಯಾವುದೋ ಊರಿನವನೊಬ್ಬ ಯಂತ್ರ ನೋಡದೆ, ಫೋನಿನಲ್ಲೇ ಎಲ್ಲ ಕೇಳಿಕೊಂಡು ಬರೆದುಕೊಟ್ಟ. ಕೃಷಿ ಲೋಕದ ಮಹಾಕ್ರಾಂತಿ, ರೈತನ ಕನಸಿನ ರೆಕ್ಕೆ, ಹೀಗೆ. ಒಂದು ಫೋನೂ ಬರಲಿಲ್ಲ. ಕೊಪ್ಪದ ಹಳೆಯ ಗಿರಾಕಿಯೊಬ್ಬರು ಬಂದಾಗ ಮಗನ ಎದುರೇ ನಕ್ಕರು. "ಓದಿದೆ ಮಾರಾಯ. ಆದ್ರೆ ನೀ ಮಾರೋದು ಮೆಷಿನ್ನಾ, ರಾಕೆಟ್ಟಾ ಅಂತ ಕಡೇವರೆಗೂ ಗೊತ್ತಾಗ್ಲಿಲ್ಲ!"

ಆಗ ಮಗಳು ಇಂಥದ್ದನ್ನು ಬರೆದುಕೊಡುವ ಬಾಳಗಡಿಯ ಒಬ್ಬ ಹುಡುಗಿಯನ್ನು ಹುಡುಕಿದಳು. ಆಕೆ ಶೃಂಗೇರಿಯ ಒಂದು ಲಾಡ್ಜಿಗೆ ಬರೆದದ್ದನ್ನು ಮಗಳು ಓದಿದ್ದಳಂತೆ. ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರು ಕೆಳಗಿನ ಕೋಣೆಯನ್ನೇ ಕೇಳಿ ಎಂದು ಅದರಲ್ಲಿ ಇತ್ತು. ಅವಳು ಶೆಡ್ಡಿಗೆ ಬಂದಾಗ ಮಗ ಮೂಗು ಮುರಿದ. "ತಮ್ ಲಾಡ್ಜ್ ಸರಿ ಇಲ್ಲ ಅಂತ ತಾವೇ ದುಡ್ಡು ಕೊಟ್ಟು ಬರೆಸ್ದಂಗಾಯ್ತು."

"ಅಲ್ಲ ಸಾರ್," ಎಂದಳು ಆ ಹುಡುಗಿ, "ಅದನ್ನ ಓದಿದ ಮೇಲೆ ವಯಸ್ಸಾದವ್ರೇ ಜಾಸ್ತಿ ಬರ್ತಿದಾರೆ. ಬಂದು ಬೈಯೋರು ಕಮ್ಮಿ ಆಗಿದಾರೆ." ಯಂತ್ರ ಓಡುವುದನ್ನು ನೋಡದೆ, ಕೊಂಡವರನ್ನು ಮಾತಾಡಿಸದೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದಳು. ಅದು ನನಗೆ ಹಿಡಿಸಿತು. ಬಾಗಿಲ ಹಿಂದೆ ನಿಂತು ಕೇಳಿದೆ, ಹೊರಗೆ ಬರಲಿಲ್ಲ.

ನಮ್ಮ ಯಂತ್ರ ಕೊಂಡಿದ್ದ ಶೃಂಗೇರಿ ಕಡೆಯ ಒಂದು ಮನೆಗೆ ಹೋಗಿಬಂದ ಮರುದಿನ ಅವಳ ಮುಖದಲ್ಲಿ ನಗು ಇರಲಿಲ್ಲ. ಶೆಡ್ಡಿನಲ್ಲಿ ಮಗ ಅವಳಿಗಾಗಿಯೇ ಕವರ್ ತೆಗೆದು, ಒಳಗಿನ ಕೆಲಸ ಕಾಣಲೆಂದು ಯಂತ್ರ ಓಡಿಸುತ್ತಿದ್ದ. ಮಗಳು ಪಕ್ಕದ ಮೇಜಿನಲ್ಲಿದ್ದಳು. ನಾನು ಹಿಂದಿನ ಅಂಗಳದಲ್ಲಿ, ತೆರೆದ ಬಾಗಿಲ ಎದುರೇ ಬಟ್ಟೆ ಒಣಗಿಸುತ್ತಿದ್ದೆ.

"ಸಾರ್, ಅಲ್ಲೂ ಕವರ್ ಬಿಚ್ಚಿಟ್ಟಿದಾರೆ. ಆ ಮನೆಯಾಕೆ ಸೆರಗು ಇಳಿಬಿಟ್ಕೊಂಡೇ ಅಡಿಕೆ ಸುರಿತಿದ್ರು. ಇದರಿಂದ ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಎಂತದೂ ಆಗಿಲ್ಲ. ಹೆಂಗಸರು ಮಕ್ಕಳೂ ನಡೆಸ್ಬಹುದು ಅಂತ ಬರೀರಿ ಮೇಡಂ. ಅದೇ ನಮ್ ಹೆಗ್ಗಳಿಕೆ."

ಮಗಳು ಎದ್ದು ನಿಂತಳು. "ಮಕ್ಕಳಾ? ಅಣ್ಣ, ಅಪ್ಪನ್ನ ತಿಂದದ್ದು ಎಂತದು ಹೇಳು ಅವ್ರಿಗೆ."

"ನೀ ಸುಮ್ನಿರು."

"ಹೇಳು ಮಾರಾಯ. ಎದೆನೋವಾ?"

ಮಗ ಅವಳ ಕೆನ್ನೆಗೆ ಹೊಡೆದ. ಏಟಿನ ಸದ್ದು ಮೋಟರಿನ ಗದ್ದಲದಲ್ಲೂ ಅಂಗಳಕ್ಕೆ ಕೇಳಿತು. ಅವಳು ಮೇಜಿನ ಮೇಲಿದ್ದ ಸ್ಪ್ಯಾನರ್ ತೆಗೆದು ಬೀಸಿ ಎಸೆದಳು. ಅವನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು, ಅವನು ಕುರುಡನ ಹಾಗೆ ಕೈ ಚಾಚಿ ಅವಳ ಜಡೆ ಹಿಡಿದ. "ಯಂತ್ರ ಮಾಡ್ದೋನನ್ನೇ ಯಂತ್ರ ಕೊಂತು ಅಂತ ಬರೆದ್ರೆ ಯಾವನು ತಗೊಳ್ತಾನೆ? ಇಲ್ಲಿ ಕೆಲ್ಸ ಮಾಡೋರ ಮನೆಗೆ ನೀ ಅನ್ನ ಹಾಕ್ತೀಯನೇ?" ಎಂದು ಕಿರುಚುತ್ತ ಎಳೆದ. ಜಡೆ ಹಿಡಿದು ಅವಳನ್ನು ಎಳೆಯುತ್ತಿದ್ದದ್ದು ಓಡುವ ಬೆಲ್ಟಿನ ಕಡೆಗೇ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಬರೆಯುವ ಹುಡುಗಿ ಗೋಡೆಗೆ ಒತ್ತಿಕೊಂಡಿದ್ದಳು.

ನಾನು ಒಳಗೆ ಓಡಿದೆ. ಕೈಯಲ್ಲಿ ಹಿಂಡಿ ಹಿಡಿದಿದ್ದ ಹಳೆಯ ಹತ್ತಿ ಸೀರೆ ಇತ್ತು. ಬೆಲ್ಟ್ ಸಿಕ್ಕಿಕೊಂಡು ನಿಲ್ಲಲಿ ಎಂದುಕೊಂಡೆ. ಸೀರೆಯ ಒಂದು ತುದಿಯನ್ನು ಬೆಲ್ಟಿಗೆ ಎಸೆದೆ.

ಯಂತ್ರ ಅದನ್ನು ಕಿತ್ತುಕೊಂಡಿತು. ಅದಕ್ಕೆ ಗೊತ್ತಿರುವುದು ಅದೊಂದೇ. ನನ್ನ ಅಂಗೈಯ ಚರ್ಮ ಸುಲಿದುಕೊಂಡು ಸೀರೆ ಹೋಯಿತು. ನಾನು ಮುಂದಕ್ಕೆ ಬಿದ್ದೆ, ಕೈ ಬಿಟ್ಟೆ. ಇಡೀ ಸೀರೆ ಚಕ್ರಕ್ಕೆ ಸುತ್ತಿ, ಹರಿದು, ಮತ್ತೆ ಸುತ್ತಿ, ಯಂತ್ರದ ಕಾಲುಗಳು ನೆಲ ಬಿಟ್ಟು ಕುಣಿದವು. ಮೋಟರ್ ಊಳಿಟ್ಟಿತು, ರಬ್ಬರ್ ಸುಟ್ಟ ಹೊಗೆ ಎದ್ದಿತು. ಮಗಳು ಜಡೆ ಬಿಡಿಸಿಕೊಂಡು ಸ್ವಿಚ್ ಆರಿಸಿದಳು.

ಚಕ್ರದಲ್ಲಿ ಸೀರೆ ಹಗ್ಗದ ಹಾಗೆ ಬಿಗಿದಿತ್ತು. ಮಗ ಕಣ್ಣು ಒರೆಸಿಕೊಂಡು ಅದನ್ನೇ ನೋಡಿದ. ನಾನು ಹೊರಗಿನವರ ಎದುರು ಶೆಡ್ಡಿನಲ್ಲಿ ಮಾತಾಡಿದ್ದು ಅದೇ ಮೊದಲು.

"ಅವ್ರದ್ದು ಟವೆಲ್ ಆಗಿತ್ತು," ಎಂದೆ. "ಒಂದು ತುದಿ ಕುತ್ತಿಗೇಲಿತ್ತು. ನೀ ಕಂಡಿಲ್ಲ ಮಗಾ, ನಾ ಕಂಡಿದೀನಿ." ಆ ಹುಡುಗಿಯ ಕಡೆ ತಿರುಗಿದೆ. "ಬರಿ ಕೂಸೆ. ಎದೆನೋವಲ್ಲ ಅಂತ ಬರಿ."

ಮಗ ದೊಡ್ಡ ಸುತ್ತಿಗೆ ಎತ್ತಿಕೊಂಡ. ಹುಡುಗಿ ಕೂಗಿದಳು. ಅವನು ಹೊಡೆದದ್ದು ಯಂತ್ರಕ್ಕೆ. ಚಕ್ರ ಬಗ್ಗುವವರೆಗೆ ಹೊಡೆದ, ಅದು ಕಳಚಿ ಬಿದ್ದ ಮೇಲೂ ಹೊಡೆದ, ರಕ್ತ ಅಂಗಿಯ ಮೇಲೆಲ್ಲ ಚೆಲ್ಲಿತು. ನಾವು ಯಾರೂ ತಡೆಯಲಿಲ್ಲ. ಕೊನೆಗೆ ಅವನೇ ನೆಲದಲ್ಲಿ ಕೂತು, "ಬರ್ಕೊಳ್ಳಿ ಮೇಡಂ," ಎಂದ. "ಅಮ್ಮ ಹೇಳಿದ್ದೇ ಬರ್ಕೊಳ್ಳಿ." ಮಗಳು ತನ್ನ ದುಪಟ್ಟಾ ಹರಿದು ಅವನ ಹುಬ್ಬಿಗೆ ಕಟ್ಟಿದಳು. ಕಟ್ಟುವಾಗಲೂ ಬೈಯುತ್ತಿದ್ದಳು.

ಆ ಹುಡುಗಿ ಬರೆದು ತಂದದ್ದನ್ನು ನಮಗೆ ಓದಿ ಹೇಳಿದಳು. ಗಂಟೆಗೆ ಎಷ್ಟು ಸುಲಿಯುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಎಲ್ಲ ಇತ್ತು. ಆದರೆ ಮೇಲುಗಡೆ ಇದ್ದದ್ದು ಹೀಗೆ: ಈ ಯಂತ್ರವನ್ನು ಕಟ್ಟಿದವರು ಇದೇ ಯಂತ್ರಕ್ಕೆ ಸಿಕ್ಕಿ ತೀರಿಕೊಂಡರು. ಅಂದು ಬೆಲ್ಟಿನ ಕವರ್ ಕಳಚಿತ್ತು. ಕವರ್ ಇಲ್ಲದೆ ಓಡಿಸಬೇಡಿ. ಸೆರಗು, ಟವೆಲ್, ಜಡೆ ಬಿಗಿದು ಕಟ್ಟಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಅದರ ಕೆಳಗೆ, ಕಳಚಿ ಬಿದ್ದ ಚಕ್ರಕ್ಕೆ ಬಿಗಿದ ನನ್ನ ಸೀರೆಯ ಫೋಟೋ.

ಫೋನುಗಳು ಬಂದವು. ಕೊಪ್ಪದ ಒಬ್ಬ ವ್ಯಾಪಾರಿ ಮಗನಿಗೆ ಬಾಯಿಗೆ ಬಂದಂತೆ ಬೈದು, ಇನ್ನು ನಿಮ್ಮ ಯಂತ್ರ ಇಡುವುದಿಲ್ಲ ಎಂದ. ಯಂತ್ರಕ್ಕೆ ಹೇಳಿಟ್ಟಿದ್ದ ಕೆಲವರು ಬೇಡವೆಂದರು. ಶೃಂಗೇರಿ ಕಡೆಯ ಆ ಹೆಂಗಸು ಮಾತ್ರ ಫೋನನ್ನು ಗಂಡನಿಗೆ ಕೊಡದೆ ತಾನೇ ಮಾತಾಡಿದಳು. ಬಿಚ್ಚಿಟ್ಟ ಕವರನ್ನು ಗಂಡ ಗುಜರಿಗೆ ಹಾಕಿದ್ದನಂತೆ, ಹೊಸದು ಸಿಗುತ್ತದೆಯೇ ಎಂದು ಕೇಳಿದಳು. ಮಗ ಅಂದೇ ಜೀಪಿನಲ್ಲಿ ಕವರ್ ಒಯ್ದು, ಬಿಚ್ಚಲು ಬಾರದ ಹಾಗೆ ವೆಲ್ಡ್ ಮಾಡಿ ಬಂದ. ಈಗ ಎಲ್ಲ ಯಂತ್ರಕ್ಕೂ ಹಾಗೆಯೇ ಮಾಡುತ್ತಾನೆ. ಸಿಪ್ಪೆ ತೆಗೆಯಲು ಪಕ್ಕದಲ್ಲಿ ಕಿಂಡಿ ಇಟ್ಟಿದ್ದಾನೆ. ವ್ಯಾಪಾರ ಮೊದಲಿನಷ್ಟು ಇಲ್ಲ, ನಿಂತೂ ಇಲ್ಲ.

ಈಗ ವೆಬ್‌ಸೈಟನ್ನು ಹೊಸದಾಗಿ ಮಾಡಿಸಬೇಕಂತೆ. ಮೊನ್ನೆ ಊಟಕ್ಕೆ ಕೂತಾಗ ಮಗ, "ಅಪ್ಪ ತೀರ್ಕೊಂಡ ಮಾತು ಇರ್ಲಿ, ಸ್ವಲ್ಪ ಕೆಳಗೆ ಹಾಕಿದ್ರೆ ಆಗ್ದಾ?" ಎಂದ. ಮಗಳು ಸೌಟು ಹಿಡಿದೇ ತಿರುಗಿದಳು. ಸದ್ಯಕ್ಕೆ ಅಲ್ಲಿಗೇ ನಿಂತಿದೆ. ಆದರೆ ವೆಬ್‌ಸೈಟಿನಲ್ಲಿ ಬರೆದದ್ದನ್ನು ಯಾರು ಯಾವಾಗ ಬೇಕಾದರೂ ಕೆಳಗೆ ಸರಿಸಬಹುದು, ಆಮೇಲೆ ಅಳಿಸಲೂಬಹುದು. ನಾಳೆ ಶೆಡ್ ನಿಮ್ಮಿಬ್ಬರ ಕೈಗೆ ಬರುತ್ತದೆ. ನೀವೂ ಯಾರನ್ನಾದರೂ ಕರೆಸಿ ಬರೆಸುತ್ತೀರಿ, ಬಂದವರು ಅಜ್ಜನಿಗೆ ಏನಾಗಿತ್ತು ಎಂದು ಕೇಳಬಹುದು. ಆಗ ಈ ಹಾಳೆಗಳನ್ನು ಅವರ ಕೈಗೆ ಕೊಡಿ. ಅಲ್ಲಿಯವರೆಗೆ ಗೆದ್ದಲು ತಾಗದ ಕಡೆ, ಮುಚ್ಚಳ ಬಿಗಿಯುವ ಸ್ಟೀಲ್ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.