ರಂಗೋಲಿಯಿಲ್ಲದ ಹೊಸ್ತಿಲು

ಈಗ ಹೇಳಿದರೆ ನನ್ನ ಮಕ್ಕಳೇ ನಂಬುವುದಿಲ್ಲ, ಎಂಬತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ವಠಾರದಲ್ಲಿ ಒಂದೊಂದು ಗೋಡೆಗೂ ಎರಡು ಭಾಷೆಯಿತ್ತು. ಈ ಕಡೆ ನಾವು, ಆ ಕಡೆ ಕಾರ್ಖಾನೆಗೆ ಹೋಗುವ ತಮಿಳರ ಮನೆ. ಎದುರಿಗೆ ತೆಲುಗಿನ ದರ್ಜಿ, ಮೂಲೆಯಲ್ಲಿ ಜುಬೇದಾ ಆಂಟಿ. ಒಗ್ಗರಣೆಯ ವಾಸನೆಯಲ್ಲೇ ಯಾರ ಮನೆಯಲ್ಲಿ ಏನು ಅಡುಗೆಯೆಂದು ಹೇಳಬಹುದಿತ್ತು. ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಸೌಹಾರ್ದದ ಬಗ್ಗೆ ಭಾಷಣ ಮಾಡುವವರು ಆ ನಲ್ಲಿಯ ಮುಂದೆ ಒಂದು ಬೆಳಿಗ್ಗೆ ನಿಂತಿದ್ದರೆ ಸಾಕಿತ್ತು.

ಒಂದು ಸಲ ಸಂಕ್ರಾಂತಿಗೆ ಮುಂಚೆ, ಪಕ್ಕದ ಮನೆಯ ಸೆಲ್ವಿಯ ತಾಯಿ ನಮ್ಮ ಬಿಂದಿಗೆ ಸರಿಸಿ ತಮ್ಮ ಕೊಡ ಇಟ್ಟರೆಂದು ಅಮ್ಮ ಜಗಳ ತೆಗೆದಳು. ಇಬ್ಬರ ಬಾಯೂ ಕಡಿಮೆಯದಲ್ಲ. ಮಾತು ನಿಂತಿತು. ಅವರ ಹೊಸ್ತಿಲು ತುಳಿಯಕೂಡದೆಂದು ನನಗೆ ಅಪ್ಪಣೆಯಾಯಿತು. ಸೆಲ್ವಿ ಇಲ್ಲದೆ ನನಗೆ ಕುಂಟೆಬಿಲ್ಲೆಯಿಲ್ಲ, ಶಾಲೆಯ ದಾರಿಗೆ ಜೊತೆಯಿಲ್ಲ. ಅಷ್ಟರಲ್ಲಿ ಅವರು ಬೀಗ ಹಾಕಿಕೊಂಡು ಧರ್ಮಪುರಿ ಕಡೆಯ ತಮ್ಮ ಊರಿಗೆ ಹೋದರು. ಹಬ್ಬದ ಹಿಂದಿನ ಸಂಜೆ ವಾಪಸ್ ಬಂದಾಗ ಸೆಲ್ವಿ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಇನ್ನು ಇವಳು ನನ್ನ ಜೊತೆ ಸೇರುವುದೇ ಇಲ್ಲವೆಂದು ನನಗೆ ಅಳು ಬಂತು.

ಬೆಳಿಗ್ಗೆ ಹೊಸ ಲಂಗ ಹಾಕಿಕೊಂಡು ಎಳ್ಳು ಬೀರಲು ಹೊರಟೆ. ಆ ಮನೆಯೊಂದು ಬಿಟ್ಟು ಎಲ್ಲರಿಗೂ ಕೊಡು ಎನ್ನುತ್ತಾ ಅಮ್ಮ ಬಾಗಿಲಿಗೆ ಬಂದಳು. ಪಕ್ಕದ ಹೊಸ್ತಿಲು ಬರಿದಾಗಿತ್ತು. ಮಾಮೂಲಿ ದಿನವೇ ನಮ್ಮ ಬಾಗಿಲ ತನಕ ಚುಕ್ಕಿಯಿಟ್ಟು ಎಳೆ ಎಳೆಯುತ್ತಿದ್ದ ಹೆಂಗಸು ಅವರು. "ಹಬ್ಬದ ದಿನಾನೂ ರಂಗೋಲಿ ಹಾಕಿಲ್ಲ, ಕೊಬ್ಬು ನೋಡು" ಎಂದ ಅಮ್ಮ ಆ ಹೊಸ್ತಿಲನ್ನು ಇನ್ನೊಮ್ಮೆ ನೋಡಿದಳು. ನನ್ನ ತಟ್ಟೆ ಕೆಳಗಿಡಿಸಿ, ಸಾವಾದ ಮನೆಗೆ ಎಳ್ಳು ಒಯ್ಯಬಾರದು ಎಂದಳು. ಬಿಸಿ ಖಾರದ ಹುಗ್ಗಿಯನ್ನು ಪಾತ್ರೆಗೆ ಹಾಕಿಕೊಂಡು ತಾನೇ ಆ ಹೊಸ್ತಿಲು ದಾಟಿದಳು. ನಾನೂ ಹಿಂದೆ ಹೋದೆ.

"ಯಾರು ಹೋಗಿದ್ದಮ್ಮ?"

"ನಮ್ಮತ್ತೆ, ಅಕ್ಕ."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನೀವು ಮಾತು ಬಿಟ್ಟಿದ್ರಲ್ಲ ಅಕ್ಕ" ಎಂದು ಸೆಲ್ವಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡರು.

ಅಮ್ಮ ಕ್ಷಮೆ ಗಿಮೆ ಕೇಳಲಿಲ್ಲ, ಅವಳ ಜಾಯಮಾನವೇ ಅದಲ್ಲ. ಇವತ್ತು ಒಲೆ ಹಚ್ಚಬೇಡ ಎಂದು ಗದರಿ, ಅವರ ಕೊಡ ಎತ್ತಿಕೊಂಡು ನೀರಿಗೆ ನಡೆದಳು. ಸೆಲ್ವಿ ನನ್ನ ಪಕ್ಕ ಬಂದು ಕೂತಳು. ಒಂದೇ ತಟ್ಟೆಯಲ್ಲಿ ಹುಗ್ಗಿ ತಿಂದೆವು; ಮೆಣಸನ್ನೆಲ್ಲ ಆಯ್ದು ನನ್ನ ಕಡೆಗೆ ತಳ್ಳಿದಳು. ಅಷ್ಟು ರುಚಿಯ ಹುಗ್ಗಿ ಮತ್ತೆ ತಿಂದಿಲ್ಲ.

ವಠಾರವಿದ್ದ ಜಾಗದಲ್ಲೀಗ ಅಂಗಡಿಗಳು. ನಾನು ಬಸವೇಶ್ವರನಗರದ ಫ್ಲಾಟಿನಲ್ಲಿದ್ದೇನೆ. ಇಲ್ಲೂ ಎಲ್ಲ ಭಾಷೆಯವರಿದ್ದಾರೆ. ಜಗಳವೇ ಇಲ್ಲ, ಜಗಳಕ್ಕೂ ಒಂದಿಷ್ಟು ಪರಿಚಯ ಬೇಕಲ್ಲ. ಎದುರುಮನೆಯ ಹೊಸ್ತಿಲಿಗೆ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದಾರೆ, ವರ್ಷವಿಡೀ ಹಾಗೇ ಇರುತ್ತದೆ. ಈ ಸಂಕ್ರಾಂತಿಯ ದಿನ ಆ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕರು. ಹಬ್ಬ ಜೋರಾ ಎಂದು ಕೇಳಿದೆ.

"ಇಲ್ಲ ಆಂಟಿ, ನಮ್ ಮಾವ ಹೋಗ್ಬಿಟ್ರು. ಹೋದ ತಿಂಗಳು."

ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ನಮ್ಮ ಮಹಡಿ ಬಂತು. ಇಬ್ಬರೂ ಇಳಿದು, ನಮ್ಮ ನಮ್ಮ ಬೀಗ ತೆಗೆದು ಒಳಗೆ ಹೋದೆವು.